ಇನ್ನೊಂದು ಕೆನ್ನೆ: ಕೆಲವು ಆಕ್ಷೇಪಗಳಿಗೆ ಉತ್ತರ

ಶತ್ರುವನ್ನು ಪ್ರೀತಿಸಬೇಕೆಂಬ ಯೇಸುವಿನ ಆಜ್ಞೆಗೆ ಹೊರಗಿನವರಿಗಿಂತ ಹೆಚ್ಚಿನ ವಿರೋಧ ಈಗ ನಮ್ಮ ಒಳಗಿನಿಂದಲೇ ಬರುತ್ತಿದೆ. ಪ್ರಾರ್ಥನಾ ಮಂದಿರದ ಬಾಗಿಲಿಗೆ ಗುಂಪು ಬಂದು ನಿಂತದ್ದನ್ನು ಕಂಡ ಹುಡುಗರು, ಪಾಸ್ಟರನ್ನು ಠಾಣೆಗೆ ಕರೆದೊಯ್ದ ದೃಶ್ಯವನ್ನು ಮೊಬೈಲಿನಲ್ಲಿ ನೋಡಿದವರು, ಭಾನುವಾರ ಮತ್ತಾಯನ ಐದನೆಯ ಅಧ್ಯಾಯ ತೆರೆದ ಕೂಡಲೇ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಕೊಟ್ಟ ಕೆನ್ನೆ ಸಾಕು ಅನ್ನುವುದು ಅವರ ಮಾತು. ಹೊರಗಿನ ಟೀಕೆಯ ಬಗೆಯೇ ಬೇರೆ. ಕೆಲವರಿಗೆ ಇದು ಹೇಡಿತನ, ಕೆಲವರಿಗೆ ನಾಟಕ, ಇನ್ನು ಕೆಲವರಿಗೆ ಮತಾಂತರದ ಉಪಾಯ. ಈ ಆಕ್ಷೇಪಗಳಲ್ಲಿ ಒಂದೆರಡು ನಿಜಕ್ಕೂ ಗಟ್ಟಿ, ಒಂದೆರಡು ಜೊಳ್ಳು. ಎಲ್ಲಕ್ಕೂ ಒಂದೇ ಅಳತೆಯ ಉತ್ತರ ಬೇಕಿಲ್ಲ.

ಮೊದಲು ಹೇಡಿತನದ ಮಾತು. ಕೈಲಾಗದವನು ಮೈ ಪರಚಿಕೊಳ್ಳುತ್ತಾನೆ, ಕೈಲಾಗದ ಕ್ರೈಸ್ತ ಕ್ಷಮಿಸಿದೆ ಅನ್ನುತ್ತಾನೆ, ಅಷ್ಟೇ ವ್ಯತ್ಯಾಸ ಎಂಬುದು ವಾದ. ಜರ್ಮನಿಯ ನೀತ್ಸೆ 1887ರಲ್ಲಿ ಇದನ್ನೇ ತತ್ವಶಾಸ್ತ್ರದ ಮಟ್ಟಕ್ಕೆ ಏರಿಸಿದ. ಸೇಡು ತೀರಿಸಿಕೊಳ್ಳುವ ತಾಕತ್ತಿಲ್ಲದವರು ತಮ್ಮ ಅಶಕ್ತಿಗೇ ಕ್ಷಮೆ ಎಂದು ಹೆಸರಿಟ್ಟು ಅದನ್ನೊಂದು ಸದ್ಗುಣ ಮಾಡಿಕೊಂಡರು ಎಂದ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಹೆದರಿ ಸುಮ್ಮನಾಗಿ, ಆಮೇಲೆ ಆ ಹೆದರಿಕೆಗೆ ವಾಕ್ಯದ ಹೊದಿಕೆ ಹೊದಿಸುವ ಸಭೆಗಳು ನಮ್ಮಲ್ಲೇ ಇವೆ. ಆದರೆ ಈ ವಾದ ನಿಲ್ಲಬೇಕಾದರೆ ಪ್ರೀತಿಸುವವನ ಕೈಯಲ್ಲಿ ತಿರುಗಿ ಹೊಡೆಯುವ ಶಕ್ತಿ ಇರಬಾರದು. ಇದ್ದರೆ?

1956ರ ಜನವರಿ 30ರ ರಾತ್ರಿ, ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಜಗಲಿಗೆ ಬಾಂಬ್ ಎಸೆದರು. ಬಸ್ಸುಗಳಲ್ಲಿ ಕಪ್ಪು ಜನರನ್ನು ಹಿಂದೆ ಕೂರಿಸುವ ಪದ್ಧತಿಯ ವಿರುದ್ಧ ಬಹಿಷ್ಕಾರ ನಡೆಯುತ್ತಿದ್ದ ಕಾಲ. ಕಿಂಗ್ ಬೇರೆ ಕಡೆ ಸಭೆಯಲ್ಲಿದ್ದರು. ಮನೆಯೊಳಗೆ ಹೆಂಡತಿ ಕೊರೆಟ್ಟಾ ಮತ್ತು ಎರಡೂವರೆ ತಿಂಗಳ ಹಸುಗೂಸು. ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಕಿಂಗ್ ಓಡಿ ಬರುವಷ್ಟರಲ್ಲಿ ಅಂಗಳದ ತುಂಬ ಜನ, ಹಲವರ ಕೈಯಲ್ಲಿ ಆಯುಧ. ಎದುರಿಗೆ ಬಿಳಿಯ ಪೊಲೀಸರು, ಊರಿನ ಮೇಯರ್. 27 ವರ್ಷದ ಆ ಪಾದ್ರಿ ಒಂದು ಮಾತು ಆಡಿದ್ದರೆ, ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರೂ, ಅಲ್ಲಿ ಹೆಣ ಬೀಳುವ ಸಂಭವವಿತ್ತು. ಅವರು ಜಗಲಿಯ ಮೇಲೆ ನಿಂತು, ಆಯುಧಗಳನ್ನು ಮನೆಗೆ ಒಯ್ಯಿರಿ, ಬಿಳಿಯರನ್ನು ದ್ವೇಷಿಸಬೇಡಿ ಎಂದು ಹೇಳಿ ಜನರನ್ನು ಕಳಿಸಿದರು. ಆ ರಾತ್ರಿ ಶಕ್ತಿ ಯಾರ ಕೈಯಲ್ಲಿತ್ತು ಎಂದು ನೀತ್ಸೆಯ ಶಿಷ್ಯರು ಹೇಳಲಿ. ಇನ್ನೊಂದು ವಿಷಯವನ್ನು ಕಿಂಗ್ ಅವರನ್ನು ಸಂತ ಮಾಡಿ ಗೋಡೆಗೆ ತೂಗುಹಾಕಿದವರು ಹೇಳುವುದಿಲ್ಲ. ಆಗ ಅವರ ಮನೆಯಲ್ಲಿ ಬಂದೂಕು ಇತ್ತು. ಬಾಂಬ್ ಬಿದ್ದ ಮೇಲೆ ಲೈಸೆನ್ಸಿಗೆ ಅರ್ಜಿ ಹಾಕಿದರು, ಸಿಗಲಿಲ್ಲ. ಶತ್ರುಪ್ರೀತಿ ಅವರಿಗೂ ಹುಟ್ಟಿನಿಂದ ಬಂದದ್ದಲ್ಲ. ಬಂದೂಕು ಬಿಡುವುದನ್ನು ಅವರು ಆ ಗಲಾಟೆಯ ನಡುವೆಯೇ ಕಲಿತರು.

ಬಾಂಬ್ ಬಿದ್ದ ಎರಡನೆಯ ದಿನ, ಫೆಬ್ರವರಿ 1ರಂದು, ಬಸ್ಸಿನ ಭೇದಭಾವದ ವಿರುದ್ಧ ಆ ಊರಿನ ಕಪ್ಪು ಹೆಂಗಸರ ಹೆಸರಿನಲ್ಲಿ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಲಾಯಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ಹೇಳಿತು. 381 ದಿನ ಬಸ್ ಬಹಿಷ್ಕರಿಸಿದ್ದ ಜನ ಡಿಸೆಂಬರಿನಲ್ಲಿ ಬೇಕಾದ ಸೀಟಿನಲ್ಲಿ ಕೂತರು. ಪ್ರೀತಿಸಿ ಅಂದವರೂ ಕೋರ್ಟಿಗೆ ಹೋದವರೂ ಒಂದೇ ಚಳವಳಿಯವರು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ನಮ್ಮ ಹುಡುಗರ ನಿಜವಾದ ಆಕ್ಷೇಪ ಇರುವುದೇ ಇಲ್ಲಿ. ಪ್ರೀತಿಸಿ ಅಂದರೆ ಕಂಪ್ಲೇಂಟ್ ಕೊಡಬೇಡಿ, ಸಾಕ್ಷಿ ಹೇಳಬೇಡಿ, ತಲೆ ತಗ್ಗಿಸಿ ಮನೆಗೆ ಹೋಗಿ ಎಂದು ಅರ್ಥ ತಾನೆ ಎಂದು ಅವರು ಕೇಳುತ್ತಾರೆ. ಹಾಗೆ ಅರ್ಥ ಹೇಳಿಕೊಟ್ಟವರು ನಾವೇ, ಅವರನ್ನು ಬೈದು ಫಲವಿಲ್ಲ. ಆದರೆ ಸತ್ಯವೇದದಲ್ಲಿ ಹಾಗಿಲ್ಲ. ಮಹಾಯಾಜಕನ ಮುಂದೆ ವಿಚಾರಣೆಗೆ ನಿಂತಾಗ ಓಲೇಕಾರನೊಬ್ಬ ಯೇಸುವಿನ ಕೆನ್ನೆಗೆ ಹೊಡೆದದ್ದನ್ನು ಯೋಹಾನ ಬರೆದಿದ್ದಾನೆ. ಇನ್ನೊಂದು ಕೆನ್ನೆ ಕೊಡಬೇಕೆಂದು ಬೆಟ್ಟದ ಮೇಲೆ ಕಲಿಸಿದಾತ ಆಗ ಮಾಡಿದ್ದೇನು? ನನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದ. ಕೈ ಎತ್ತಲಿಲ್ಲ, ಶಪಿಸಲೂ ಇಲ್ಲ, ಆದರೆ ಅನ್ಯಾಯವನ್ನು ಅನ್ಯಾಯ ಅನ್ನದೆ ಬಿಡಲಿಲ್ಲ. ಬಲಗೆನ್ನೆಗೆ ಹೊಡೆತ ಅಂದರೆ ಅಂಗೈ ಹಿಂಬದಿಯಿಂದ ಹೊಡೆದ ಅವಮಾನದ ಏಟು, ಇನ್ನೊಂದು ಕೆನ್ನೆ ಒಡ್ಡುವುದು ತನ್ನನ್ನು ಸಮಾನನೆಂದು ನೋಡು ಎಂಬ ಸವಾಲು ಎಂದು ಕೆಲವು ಪಂಡಿತರು ವಿವರಿಸುತ್ತಾರೆ. ಇರಬಹುದು. ನನ್ನ ವಾದಕ್ಕೆ ಅದರ ಆಸರೆ ಬೇಕಿಲ್ಲ, ಓಲೇಕಾರನಿಗೆ ಕೇಳಿದ ಪ್ರಶ್ನೆಯೇ ಸಾಕು.

ಪೌಲನ ಕಥೆ ಇನ್ನೂ ಸ್ಪಷ್ಟ. ಹಸಿದ ವೈರಿಗೆ ಊಟ ಹಾಕು, ಮುಯ್ಯಿ ತೀರಿಸುವುದನ್ನು ದೇವರಿಗೆ ಬಿಡು ಎಂದು ರೋಮಾಪುರದವರಿಗೆ ಬರೆದವನು ಆತ. ಫಿಲಿಪ್ಪಿ ಪಟ್ಟಣದಲ್ಲಿ ಆತನನ್ನೂ ಸೀಲನನ್ನೂ ವಿಚಾರಣೆಯಿಲ್ಲದೆ ಬೆತ್ತದಿಂದ ಹೊಡೆಸಿ ಸೆರೆಗೆ ಹಾಕಿದರು. ಮರುದಿನ ಬೆಳಿಗ್ಗೆ ಅಧಿಕಾರಿಗಳು, ಗುಟ್ಟಾಗಿ ಬಿಟ್ಟುಬಿಡಿ ಎಂದು ಆಳು ಕಳಿಸಿದಾಗ ಪೌಲ ಹೊರಡಲಿಲ್ಲ. ನಾವು ರೋಮ್ ಪೌರರು, ಬಹಿರಂಗವಾಗಿ ಹೊಡೆಸಿದವರು ತಾವೇ ಬಂದು ಹೊರಗೆ ಕರೆದೊಯ್ಯಲಿ ಎಂದು ಪಟ್ಟುಹಿಡಿದ. ಅವರು ಬಂದರು. ಯೆರೂಸಲೇಮಿನಲ್ಲಿ ಚಾವಟಿಯಿಂದ ಹೊಡೆಯಲು ಕಟ್ಟಿದಾಗಲೂ ಶತಾಧಿಪತಿಗೆ ಕಾನೂನಿನ ಪ್ರಶ್ನೆ ಹಾಕಿದ. ನಲವತ್ತಕ್ಕೂ ಹೆಚ್ಚು ಜನ ಆತನನ್ನು ಕೊಲ್ಲುವ ತನಕ ಉಣ್ಣುವುದಿಲ್ಲವೆಂದು ಆಣೆಯಿಟ್ಟ ಸುದ್ದಿ ಅಕ್ಕನೋ ತಂಗಿಯೋ, ಅಂತೂ ಒಡಹುಟ್ಟಿದವಳ ಮಗನಿಂದ ತಿಳಿದಾಗ ಸುಮ್ಮನೆ ಮೊಣಕಾಲೂರಲಿಲ್ಲ. ಹುಡುಗನನ್ನು ನೇರ ಸಹಸ್ರಾಧಿಪತಿಯ ಹತ್ತಿರ ಕಳಿಸಿದ. ಆ ರಾತ್ರಿ 200 ಸಿಪಾಯಿಗಳು, 70 ಕುದುರೆ ಸವಾರರು, 200 ಭರ್ಜಿಯವರ ಕಾವಲಿನಲ್ಲಿ ಆತನನ್ನು ಊರು ದಾಟಿಸಿದರು. ಕೊನೆಗೆ ಕೈಸರನಿಗೆ ಅಪೀಲು ಹಾಕಿದ. ಪೊಲೀಸ್ ಬಂದೋಬಸ್ತ್ ಕೇಳುವುದು ವಿಶ್ವಾಸದ ಕೊರತೆ ಎಂದು ಬೋಧಿಸುವವರು ಅಪೊಸ್ತಲರ ಕೃತ್ಯಗಳ 23ನೆಯ ಅಧ್ಯಾಯವನ್ನು ಯಾವ ಕನ್ನಡಕ ಹಾಕಿಕೊಂಡು ಓದುತ್ತಾರೋ ಕಾಣೆ.

ನಮ್ಮದೇ ನೆಲಕ್ಕೆ ಬರೋಣ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೂ ಕರಾವಳಿಯ ಹಲವು ಪ್ರಾರ್ಥನಾ ಮಂದಿರಗಳ ಮೇಲೂ ದಾಳಿಯಾಯಿತು. ಪ್ರತಿಭಟನೆಗೆ ಸೇರಿದವರ ಮೇಲೆ ಪೊಲೀಸರು ಲಾಠಿ ಬೀಸಿದರು. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗ ನೇಮಿಸಿತು. 2011ರಲ್ಲಿ ಬಂದ ಅದರ ವರದಿ ಕ್ರೈಸ್ತರಿಗೆ ಸಮಾಧಾನ ತರಲಿಲ್ಲ, ಅದನ್ನು ಅವರು ಬಹಿರಂಗವಾಗಿಯೇ ಹೇಳಿದರು. ಆಯೋಗದ ಮುಂದೆ ಹೋಗಿ ನಡೆದದ್ದನ್ನು ಹೇಳಿದವರು, ವರದಿ ಸರಿಯಿಲ್ಲ ಅಂದವರು, ಯಾರೂ ಯೇಸುವಿನ ಆಜ್ಞೆ ಮುರಿಯಲಿಲ್ಲ. ಸಂವಿಧಾನದ 25ನೇ ವಿಧಿ ಕೊಟ್ಟ ಹಕ್ಕನ್ನು ಕೇಳುವುದಕ್ಕೆ ಯಾರನ್ನೂ ದ್ವೇಷಿಸಬೇಕಾಗಿಲ್ಲ. ಆಜ್ಞೆ ಮುರಿಯುವುದು ದೊಣ್ಣೆಗೆ ದೊಣ್ಣೆ ಎತ್ತಿದಾಗ. ಅದಕ್ಕೂ ಮೊದಲೇ, ದಾಳಿ ಮಾಡಿದವರ ಊರು, ಜಾತಿ, ಮನೆಮಂದಿ ಎಲ್ಲರನ್ನೂ ಒಂದೇ ಕಂತೆ ಕಟ್ಟಿ ಮನಸ್ಸಿನೊಳಗೆ ಸುಟ್ಟುಬಿಟ್ಟಾಗ.

ಗ್ಲಾಡಿಸ್ ಸ್ಟೇನ್ಸ್ ಅವರ ಹೆಸರು ಇಂಥ ಚರ್ಚೆಗಳಲ್ಲಿ ಬಂದೇ ಬರುತ್ತದೆ, ಬಹುಪಾಲು ತಪ್ಪಾಗಿ. 1965ರಿಂದ ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿದ್ದ ಅವರ ಗಂಡ ಗ್ರಹಾಂ ಸ್ಟೇನ್ಸ್ ಅವರನ್ನು, ಮಕ್ಕಳಾದ ಹತ್ತು ವರ್ಷದ ಫಿಲಿಪ್, ಆರು ವರ್ಷದ ತಿಮೊಥಿಯ ಜೊತೆಗೆ, 1999ರ ಜನವರಿ 22ರ ನಡುರಾತ್ರಿ ಮನೋಹರಪುರದಲ್ಲಿ, ಮಲಗಿದ್ದ ವಾಹನದೊಳಗೇ ಸುಟ್ಟರು. ಗ್ಲಾಡಿಸ್ ಕ್ಷಮಿಸಿದೆ ಅಂದರು. ಟೀಕಾಕಾರರು ಅಲ್ಲಿಗೆ ನಿಲ್ಲಿಸುತ್ತಾರೆ, ನಮ್ಮ ಬೋಧಕರೂ ಅಲ್ಲಿಗೇ ನಿಲ್ಲಿಸುತ್ತಾರೆ. ಆಮೇಲೆ ನಡೆದದ್ದು ಹೀಗೆ. ಕೊಲೆಗಾರ ದಾರಾ ಸಿಂಗ್‌ಗೆ 2003ರಲ್ಲಿ ವಿಚಾರಣಾ ನ್ಯಾಯಾಲಯ ಗಲ್ಲು ವಿಧಿಸಿತು, 2005ರಲ್ಲಿ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿಯನ್ನು ಎತ್ತಿಹಿಡಿಯಿತು. ಕ್ಷಮೆ ತನ್ನದು, ಶಿಕ್ಷೆ ಕಾನೂನಿನದು, ಎರಡನ್ನೂ ಕಲಸಬಾರದು ಎಂಬುದು ಗ್ಲಾಡಿಸ್ ಅವರ ನಿಲುವಾಗಿತ್ತು. ಗಂಡನನ್ನೂ ಗಂಡುಮಕ್ಕಳನ್ನೂ ಕಳೆದುಕೊಂಡ ನಾಡು ಬಿಟ್ಟು ಮರುದಿನವೇ ವಿಮಾನ ಹತ್ತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಮಗಳು ಎಸ್ತರ್ ಜೊತೆ ಬಾರಿಪದಾದಲ್ಲೇ ಉಳಿದು ಕುಷ್ಠಾಶ್ರಮ ನಡೆಸಿದರು, ಗಂಡನ ಹೆಸರಿನಲ್ಲಿ ಆಸ್ಪತ್ರೆ ಎದ್ದ ಮೇಲೆ 2004ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದರು. ಹೇಡಿಗೆ ಇದು ಆಗುತ್ತದೆಯೇ?

ಇಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಏಳುತ್ತದೆ. ಸುಟ್ಟುಹೋದ ಮಕ್ಕಳ ಪರವಾಗಿ ಕ್ಷಮಿಸಲು ತಾಯಿಗೂ ಹಕ್ಕೇನು? ಏಟು ತಿಂದವನು ಒಬ್ಬ, ಕ್ಷಮಿಸುವವನು ಇನ್ನೊಬ್ಬ, ಇದೆಂಥ ನ್ಯಾಯ? ಒಪ್ಪಲೇಬೇಕಾದ ಮಾತು. ತನಗಾದ ಗಾಯವನ್ನು ಮಾತ್ರ ಒಬ್ಬರು ಕ್ಷಮಿಸಬಹುದು. ಮಕ್ಕಳ ಲೆಕ್ಕ ದೇವರ ಹತ್ತಿರ ಇದೆ, ಸಮಾಜದ ಲೆಕ್ಕ ಕೋರ್ಟಿನಲ್ಲಿದೆ. ತಾಯಿಯ ಎದೆಯ ಲೆಕ್ಕ ತಾಯಿಯದು, ಅದನ್ನು ಚುಕ್ತಾ ಮಾಡುವುದೂ ಇಟ್ಟುಕೊಳ್ಳುವುದೂ ಆಕೆಗೆ ಬಿಟ್ಟದ್ದು. ಬೇರೆಯವರು ಅಲ್ಲಿ ಕೈಹಾಕಬಾರದು. ಸಿಸ್ಟರ್ ರಾಣಿ ಮರಿಯಾ ಅವರ ಪ್ರಸಂಗ ನೋಡಿ. ಕೇರಳದಿಂದ ಮಧ್ಯಪ್ರದೇಶಕ್ಕೆ ಹೋಗಿ, ಬಡ್ಡಿಸಾಲದಲ್ಲಿ ಮುಳುಗಿದ್ದ ಆದಿವಾಸಿ ರೈತರಿಗೆ ಸ್ವಸಹಾಯ ಗುಂಪು ಕಟ್ಟಿಕೊಟ್ಟವರು ಅವರು. ಧಣಿಗಳಿಗೆ ಅದು ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು, ಇಂದೋರ್ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ, ಜನರ ಕಣ್ಣೆದುರೇ ಸಮುಂದರ್ ಸಿಂಗ್ ಎಂಬಾತ ಅವರನ್ನು ಚೂರಿಯಿಂದ ಇರಿದು ಕೊಂದ. ಅವರ ತಂಗಿ, ಆಕೆಯೂ ಕನ್ಯಾಸ್ತ್ರೀ, ಸಿಸ್ಟರ್ ಸೆಲ್ಮಿ ಪಾಲ್, ಜೈಲಿಗೆ ಹೋಗಿ ಆತನ ಕೈಗೆ ರಾಖಿ ಕಟ್ಟಿದರು. ಅದು 2002ರಲ್ಲಿ, ಕೊಲೆಯಾಗಿ ಏಳು ವರ್ಷದ ಮೇಲೆ. ಆತನ ಬಿಡುಗಡೆಗೂ ಕುಟುಂಬ ಒಪ್ಪಿತು. ಹೊರಬಂದದ್ದು 2006ರಲ್ಲಿ, ಹನ್ನೊಂದು ವರ್ಷ ಜೈಲಿನಲ್ಲಿ ಕಳೆದ ಮೇಲೆ. 2017ರಲ್ಲಿ ಇಂದೋರಿನಲ್ಲಿ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿದಾಗ ಆತನೂ ಅಲ್ಲಿದ್ದ. ರಾಖಿಯ ಫೋಟೋ ತೋರಿಸಿ ಕಣ್ಣೀರು ತರಿಸುವ ಬೋಧಕರು ಆ ಏಳು ವರ್ಷವನ್ನೂ ಹನ್ನೊಂದು ವರ್ಷವನ್ನೂ ಕೂಡ ಹೇಳಿದರೆ ಒಳ್ಳೆಯದು.

ಹೇಳದೆ ಹೋದದ್ದರಿಂದ ಏನಾಗಿದೆ ಎಂಬುದು ನಮ್ಮ ಸಭೆಗಳ ಹೆಂಗಸರಿಗೆ ಗೊತ್ತು. ಗಂಡ ಹೊಡೆಯುತ್ತಾನೆ ಎಂದು ಅಳುತ್ತ ಬಂದವಳಿಗೆ, ಕ್ಷಮಿಸಮ್ಮ, ಪ್ರಾರ್ಥನೆ ಮಾಡು, ಕರ್ತನು ಸರಿಮಾಡುತ್ತಾನೆ ಎಂದು ಹೇಳಿ ಅದೇ ಮನೆಗೆ ವಾಪಸ್ ಕಳಿಸುವ ಹಿರಿಯರು ಎಷ್ಟು ಜನ! ಶತ್ರುಪ್ರೀತಿಯ ವಿರೋಧಿಗಳು ಇದನ್ನು ಎತ್ತಿ ಆಡಿದಾಗ ನಾನು ಅವರ ಪಕ್ಕದಲ್ಲಿ ನಿಲ್ಲುತ್ತೇನೆ. ಇನ್ನೊಬ್ಬರ ಕೆನ್ನೆಯನ್ನು ಒಡ್ಡುವ ಅಧಿಕಾರವನ್ನು ಯೇಸು ಯಾರಿಗೂ ಕೊಟ್ಟಿಲ್ಲ. ಅವಳಿಗೆ ಬೇಕಾದದ್ದು ಸುರಕ್ಷಿತ ಜಾಗ, 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣಾ ಆದೇಶ, ಜೊತೆಗೆ ಬರುವ ನಾಲ್ಕು ಜನ. ಮಗುವಿನ ಮೇಲೆ ಲೈಂಗಿಕ ಅಪರಾಧ ಆಗಿದ್ದರಂತೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಸಭೆಯ ಮರ್ಯಾದೆ ಗಿರ್ಯಾದೆ ಎಲ್ಲ ಆಮೇಲಿನ ಮಾತು. ಕ್ಷಮೆ ಬರುವುದಿದ್ದರೆ ಅವಳಿಂದ, ಅವಳ ಕಾಲಕ್ಕೆ ಬರಲಿ. ಬರದಿದ್ದರೆ ಅವಳನ್ನು ವಿಶ್ವಾಸಹೀನಳು ಅನ್ನುವ ಬಾಯಿ ಮೊದಲು ಮುಚ್ಚಲಿ.

ಯೇಸು ಫರಿಸಾಯರನ್ನು ಹಾವಿನ ಜಾತಿ ಎಂದು ಬೈಯಲಿಲ್ಲವೇ, ದೇವಾಲಯದಲ್ಲಿ ಮೇಜು ಉರುಳಿಸಲಿಲ್ಲವೇ ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಬೇಡ. ಬೈದದ್ದು ನಿಜ, ಬೈಸಿಕೊಂಡವರ ಮನೆಗೆ ಊಟಕ್ಕೆ ಹೋದದ್ದೂ ನಿಜ, ಲೂಕನ ಸುವಾರ್ತೆಯಲ್ಲಿ ಅಂಥ ಊಟ ಒಂದಕ್ಕಿಂತ ಹೆಚ್ಚಿವೆ. ತಮ್ಮನ್ನು ಸೇರಿಸದ ಸಮಾರ್ಯದ ಹಳ್ಳಿಯ ಮೇಲೆ ಬೆಂಕಿ ಸುರಿಸೋಣವೇ ಎಂದು ಕೇಳಿದ ಶಿಷ್ಯರನ್ನು ಗದರಿಸಿದ್ದೂ ಅದೇ ಸುವಾರ್ತೆಯಲ್ಲಿದೆ.

ಶಾಪದ ಕೀರ್ತನೆಗಳ ವಿಷಯ ಬೇರೆ. 137ನೆಯ ಕೀರ್ತನೆಯ ಕೊನೆ ಓದಿದರೆ ಮೈ ಜುಮ್ಮೆನ್ನುತ್ತದೆ, 109ನೆಯದು ಅದಕ್ಕಿಂತ ಕಮ್ಮಿಯಿಲ್ಲ. ಅವು ಬೈಬಲಿನಲ್ಲಿರುವುದು ನಮಗೆ ಮುಜುಗರ ಎಂದು ವಿರೋಧಿಗಳು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸೆರೆಹೋದವರು, ಊರು ಸುಟ್ಟದ್ದನ್ನು ಕಂಡವರು ಹಲ್ಲು ಕಚ್ಚಿ ಹೇಳಿದ ಮಾತುಗಳು ಅವು. ಹೇಳಿದ್ದು ದೇವರ ಮುಂದೆ. ಕೋಪವನ್ನು ನುಂಗಿ ನಗುಮುಖ ತೋರಿಸಬೇಕೆಂದು ಸತ್ಯವೇದ ಎಲ್ಲೂ ಹೇಳುವುದಿಲ್ಲ. ಮಂದಿರ ಮುರಿದ ರಾತ್ರಿ ಉಪವಾಸ ಪ್ರಾರ್ಥನೆಯಲ್ಲಿ ಈ ಕೀರ್ತನೆಗಳನ್ನು ಗಟ್ಟಿಯಾಗಿ ಓದಲಿ ಎಂದೇ ನನ್ನ ಸಲಹೆ. ಅಲ್ಲಿ ಕಕ್ಕಿದ ವಿಷ ಬೀದಿಗೆ ಬರುವುದು ಕಡಿಮೆ. ಹಳೆಯ ಒಡಂಬಡಿಕೆ ಬರೀ ಸೇಡು, ಹೊಸದು ಬರೀ ಪ್ರೀತಿ ಎಂಬ ಹಂಚಿಕೆಯೂ ಸುಳ್ಳು. ವೈರಿಯ ಎತ್ತೋ ಕತ್ತೆಯೋ ದಾರಿ ತಪ್ಪಿ ಬಂದರೆ ಅವನ ಮನೆಗೆ ಮುಟ್ಟಿಸಬೇಕೆಂಬ ನಿಯಮ ವಿಮೋಚನಕಾಂಡದ್ದು. ತನ್ನನ್ನು ಹಿಡಿಯಲು ಬಂದ ಅರಾಮ್ಯರ ದಂಡು ಸಮಾರ್ಯದ ಕೋಟೆಯೊಳಗೆ ಸಿಕ್ಕಿಬಿದ್ದಾಗ, ಹೊಡೆದುಹಾಕಲೇ ಎಂದು ಅರಸ ಆತುರಪಟ್ಟರೆ, ಊಟ ಬಡಿಸಿ ಕಳಿಸು ಎಂದವನು ಪ್ರವಾದಿ ಎಲೀಷ.

ಇನ್ನು ಮತಾಂತರದ ಗಾಳ ಎಂಬ ಆರೋಪ. ನಿಮ್ಮ ಪ್ರೀತಿಯ ಹಿಂದೆ ಲೆಕ್ಕಾಚಾರವಿದೆ, ವೈರಿಯ ತಲೆಯ ಮೇಲೆ ಕೆಂಡ ಹೇರುವ ಮಾತು ಪೌಲನೇ ಆಡಿದ್ದಾನಲ್ಲ ಅನ್ನುತ್ತಾರೆ. ಕೆಂಡದ ಮಾತನ್ನು ಪೌಲ ಜ್ಞಾನೋಕ್ತಿಗಳಿಂದ ಎತ್ತಿಕೊಂಡದ್ದು, ಮತ್ತು ಅದರ ಬೆನ್ನಿಗೇ ಕೆಟ್ಟದ್ದನ್ನು ಒಳ್ಳೆಯದರಿಂದ ಗೆಲ್ಲಬೇಕೆಂದು ಹೇಳುತ್ತಾನೆ, ಹಾಗಾಗಿ ಅದು ಸುಡುವ ಕೆಂಡವಲ್ಲ, ನಾಚಿಕೆಯ ಬಿಸಿ. ಆದರೂ ಆರೋಪದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೊಲೆಗಾರ ಪಶ್ಚಾತ್ತಾಪಪಟ್ಟ ಕಥೆಯನ್ನು ಪೋಸ್ಟರಿನಲ್ಲಿ ಹಾಕಿ ಕಾಣಿಕೆ ಎತ್ತುವವರು ಇದ್ದಾರೆ. ಅವರು ಮಾಡುತ್ತಿರುವುದಕ್ಕೆ ವ್ಯಾಪಾರ ಎಂದೇ ಹೆಸರು. ಪರ್ವತಪ್ರಸಂಗದಲ್ಲಿ ಯೇಸು ಕೊಟ್ಟ ಉದಾಹರಣೆ ಬಿಸಿಲು ಮತ್ತು ಮಳೆಯದು. ಕೆಟ್ಟವನ ಹೊಲಕ್ಕೂ ಮಳೆ ಬೀಳುತ್ತದೆ, ಅವನು ಮಾರನೆಯ ದಿನ ದೇವಾಲಯಕ್ಕೆ ಬರುತ್ತಾನೋ ಇಲ್ಲವೋ ಎಂದು ಮೋಡ ಕಾಯುವುದಿಲ್ಲ. ನಮ್ಮ ನಂಬಿಕೆಯನ್ನು ನಾವು ಬಚ್ಚಿಡಬೇಕಿಲ್ಲ, ಕೇಳಿದವರಿಗೆ ಹೇಳೋಣ. ಆದರೆ ಎದುರಾಳಿ ಬದಲಾಗದಿದ್ದರೆ ನಿಂತುಹೋಗುವ ಪ್ರೀತಿಯನ್ನು ಯೇಸುವಿನ ಲೆಕ್ಕಕ್ಕೆ ಬರೆಯಬಾರದು.

ಬದಲಾಗದೆ ಹೋದರೆ ಇದರಿಂದ ಉಪಯೋಗವೇನು, ಮತ್ತು ಇಷ್ಟು ಮಾತಾಡುವ ನೀವು ಚರಿತ್ರೆಯಲ್ಲಿ ಮಾಡಿದ್ದೇನು? ಎರಡು ಪ್ರಶ್ನೆಗೂ ಒಂದೇ ಮನುಷ್ಯನ ಕಥೆ ಉತ್ತರವಾಗುತ್ತದೆ. ನೆದರ್‌ಲೆಂಡ್ಸಿನ ಆಸ್ಪೆರೆನ್ ಎಂಬ ಊರಿನಲ್ಲಿ ಡಿರ್ಕ್ ವಿಲೆಮ್ಸ್ ಎಂಬಾತನನ್ನು ಸೆರೆಯಲ್ಲಿಟ್ಟಿದ್ದರು. ದೊಡ್ಡವನಾದ ಮೇಲೆ ಎರಡನೆಯ ಸಲ ದೀಕ್ಷಾಸ್ನಾನ ಪಡೆದದ್ದು, ಮನೆಯಲ್ಲಿ ಗುಟ್ಟಾಗಿ ಸಭೆ ಸೇರಿಸಿದ್ದು ಅವನ ಅಪರಾಧ. ಚಳಿಗಾಲದಲ್ಲಿ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡಿದ. ಅವನು ದಾಟಿದ, ಬೆನ್ನಟ್ಟಿ ಬಂದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ತಿರುಗಿ ಬಂದು ಅವನನ್ನು ನೀರಿನಿಂದ ಎಳೆದು ಬದುಕಿಸಿದ. ಬದುಕಿದವನಿಗೆ ಬಿಟ್ಟುಬಿಡುವ ಮನಸ್ಸಿತ್ತು, ದಡದಲ್ಲಿ ನಿಂತ ಅಧಿಕಾರಿ ಹಿಡಿ ಎಂದು ಕೂಗಿದ. 1569ರ ಮೇ 16ರಂದು ಡಿರ್ಕನನ್ನು ಜೀವಂತ ಸುಟ್ಟರು. ಸುಟ್ಟವರು ಕ್ರೈಸ್ತರು. 1099ರಲ್ಲಿ ಯೆರೂಸಲೇಮಿನ ಬೀದಿಗಳಲ್ಲಿ ರಕ್ತ ಹರಿಸಿದವರೂ, 1560ರಿಂದ 1812ರ ತನಕ ಗೋವೆಯಲ್ಲಿ ಇನ್‌ಕ್ವಿಸಿಷನ್ ನಡೆಸಿದವರೂ ಕ್ರೈಸ್ತರೇ. ಇದನ್ನು ಎತ್ತಿ ತೋರಿಸುವವರಿಗೆ ನಮ್ಮ ಹತ್ತಿರ ಸಮಜಾಯಿಷಿ ಇಲ್ಲ, ಇರಲೂಬಾರದು. ಆದರೆ ಅವರು ನಮ್ಮನ್ನು ಯಾವ ಕೋಲಿನಿಂದ ಅಳೆಯುತ್ತಿದ್ದಾರೆ ನೋಡಿ: ಶತ್ರುವನ್ನು ಪ್ರೀತಿಸು ಅಂದವನ ಶಿಷ್ಯರು ಹೀಗೆ ಮಾಡಬಹುದೇ ಎಂದು. ನಾವು ತಪ್ಪಿತಸ್ಥರಾಗುವುದೇ ಆ ಆಜ್ಞೆಯಿಂದ. ಅದನ್ನು ಬಿಟ್ಟುಬಿಡಿ ಅನ್ನುವವರು ಡಿರ್ಕನನ್ನು ಸುಟ್ಟವರ ಪರ ವಾದಿಸಿದಂತಾಗುತ್ತದೆ ಎಂಬುದು ಅವರ ಗಮನಕ್ಕೆ ಬಂದಿಲ್ಲ. ಉಪಯೋಗದ ಪ್ರಶ್ನೆಗೆ, ಡಿರ್ಕನಿಗೆ ಯಾವ ಉಪಯೋಗವೂ ಆಗಲಿಲ್ಲ. ನೀರಿಗೆ ಬಿದ್ದವನು ಬದುಕಿದ, ಅಷ್ಟೇ.

ಕೊನೆಯದಾಗಿ, ಇವೆಲ್ಲ ಸಂತರ ಕಥೆ, ನಮ್ಮಂಥ ಸಂಸಾರಸ್ಥರಿಗೆ ಆಗುವ ಮಾತೇ ಎಂಬ ನಿಟ್ಟುಸಿರು. ಮತ್ತಾಯನ ಅದೇ ಐದನೆಯ ಅಧ್ಯಾಯದಲ್ಲಿ ಯೇಸು ಬಹಳ ಚಿಕ್ಕ ಕೆಲಸವೊಂದನ್ನು ಹೇಳಿದ್ದಾನೆ, ಯಾರೂ ಅದರ ಮೇಲೆ ಪ್ರಸಂಗ ಮಾಡುವುದಿಲ್ಲ. ನಮ್ಮವರಿಗೆ ಮಾತ್ರ ನಮಸ್ಕಾರ ಮಾಡಿದರೆ ಅದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುತ್ತ, ಬೇರೆಯವರಿಗೂ ನಮಸ್ಕಾರ ಹೇಳಲು ಕಲಿಸುತ್ತಾನೆ. ನಮ್ಮ ಊರುಗಳಲ್ಲಿ ವೈರಿ ಅಂದರೆ ಬಹುಪಾಲು ಬಾಂಬ್ ಎಸೆಯುವವನಲ್ಲ. ಪ್ರಾರ್ಥನಾ ಮಂದಿರ ಬೇಡವೆಂದು ಪಂಚಾಯಿತಿಗೆ ಕೊಟ್ಟ ಅರ್ಜಿಗೆ ಸಹಿ ಹಾಕಿದ ಎದುರುಮನೆಯ ಯಜಮಾನ. ಅವನು ಹಾಲಿನ ಡೈರಿಯಲ್ಲಿ ಸಿಗುತ್ತಾನೆ, ನಮಸ್ಕಾರ ಹೇಳಿ. ಅವನ ತಾಯಿ ಆಸ್ಪತ್ರೆಯಲ್ಲಿದ್ದರೆ ಹೋಗಿ ಮಾತಾಡಿಸಿ ಬನ್ನಿ, ಬೈಬಲ್ ಕೈಯಲ್ಲಿ ಹಿಡಿದು ಹೋಗಬೇಡಿ. ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಯ ತಟ್ಟೆ ಬೀದಿಗೆಲ್ಲ ಹಂಚುವಾಗ ಅವನ ಮನೆ ದಾಟಬೇಡಿ. ತೆಗೆದುಕೊಳ್ಳದೆ ವಾಪಸ್ ಕಳಿಸಬಹುದು, ಮುಂದಿನ ವರ್ಷ ಮತ್ತೆ ಕಳಿಸಿ. ಅರ್ಜಿಯ ವಿಚಾರಣೆ ಜನವರಿಯಲ್ಲಿದ್ದರೆ ಕಾಗದಪತ್ರ ಸರಿಯಾಗಿ ಜೋಡಿಸಿಕೊಂಡು, ವಕೀಲರ ಜೊತೆ ಹತ್ತು ಗಂಟೆಗೆಲ್ಲ ಅಲ್ಲಿರಿ.